ಬೀದರಿಗೂ ಹೈದರಾಬಾದಿಗೂ ನಡುವಿನ ಗೆರಿ: ಎರಡು ರಾಜ್ಯದ ಆರೋಗ್ಯ ಸಚಿವರಿಗೆ ಹುಮನಾಬಾದ್‌ದಿಂದ ಒಂದು ಬಹಿರಂಗ ಪತ್ರ

ಕರ್ನಾಟಕದ ಆರೋಗ್ಯ ಸಚಿವರಿಗೆ, ತೆಲಂಗಾಣದ ಆರೋಗ್ಯ ಸಚಿವರಿಗೆ, ಇಬ್ಬರಿಗೂ ಶರಣು ಶರಣಾರ್ಥಿ.

ಸಾಹೇಬ್ರ, ಒಂದೇ ಪತ್ರ ಇಬ್ಬರ ಹೆಸರಿಗೂ ಯಾಕ ಬರೀಲಾಕತ್ತೀನಿ ಅಂದ್ರ ಅಂಗಾಂಗ ದಾನದ ಬಗ್ಗೆ ನಾ ಕೇಳೂದು ಒಬ್ಬರ ಕೈಲೆ ಆಗೂವಂಥದ್ದಲ್ಲ, ಇಬ್ಬರೂ ಕುಂತು ಮಾತಾಡಿದ್ರ ಮಾತ್ರ ಆಗೂದು. ನಂದು ಹುಮನಾಬಾದ್‌ನಾಗ ಮೆಡಿಕಲ್ ಅಂಗಡಿ ಅದ, ಹದಿನೇಳು ವರ್ಷ ಆತು. ಊರ ಮಗ್ಗಲಕ್ಕೇ ನ್ಯಾಷನಲ್ ಹೈವೇ 65 ಹೋಗ್ತದ, ಒಂದು ಕಡಿ ಸೋಲಾಪುರ, ಇನ್ನೊಂದು ಕಡಿ ಜಹೀರಾಬಾದ್ ದಾಟಿ ಹೈದರಾಬಾದ್. ನಮ್ಮ ಕಡಿ ಯಾರಿಗಾದ್ರೂ ಎದಿ ನೋವು ಬಂತು, ತಲೀಗೆ ಪೆಟ್ಟು ಬಿತ್ತು ಅಂದ್ರ ಆಂಬುಲೆನ್ಸ್ ಡ್ರೈವರ್ ಕೇಳೂದೇ ಇಲ್ಲ, ಸೀದಾ ಹೈದರಾಬಾದ್ ಕಡಿ ತಿರುಗಿಸ್ತಾನ. ಮೂರು ತಾಸಿನ ದಾರಿ. ಬೆಂಗಳೂರು ಅಂದ್ರ 600 ಕಿಲೋಮೀಟರ್ ಮ್ಯಾಲ, ಸಂಜಿಗೆ ಬಸ್ ಹತ್ತಿದ್ರ ಮುಂಜಾನಿ ಇಳೀಬೇಕು. 1956ರ ನವೆಂಬರ್ 1ರ ತನ ಬೀದರ್, ಕಲಬುರಗಿ, ರಾಯಚೂರು ಎಲ್ಲಾ ಹೈದರಾಬಾದ್ ರಾಜ್ಯದಾಗೇ ಇದ್ದವು, ನಮ್ಮ ಮುತ್ಯಾ ಜಮೀನಿನ ಕಾಗದ ಉರ್ದುದಾಗೇ ಓದ್ತಿದ್ದ. ಕರ್ನಾಟಕಕ್ಕ ಸೇರಿದ್ದು ನಮಗ ಹೆಮ್ಮಿನೇ, ಅದರ ಬಗ್ಗೆ ತಕರಾರಿಲ್ಲ. ಆದ್ರ ದವಾಖಾನಿ ದಾರಿ ಮಾತ್ರ ಇನ್ನೂ ಆ ಹಳೀ ದಾರಿನೇ ಅದ.

ನನ್ನ ಅಕ್ಕಗ ಎರಡೂ ಕಿಡ್ನಿ ಫೇಲ್ ಆಗಿ ಐದನೇ ವರ್ಷ ನಡದದ. ವಾರಕ್ಕ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕ ನಾಲ್ಕು ತಾಸು. ಡಯಾಲಿಸಿಸ್ ಸೂಜಿ ಚುಚ್ಚಲಿಕ್ಕ ತೋಳಿನ ರಕ್ತನಾಳ ಕೂಡಿಸಿ ಫಿಸ್ಟುಲಾ ಮಾಡ್ಯಾರ, ಅದರ ಮ್ಯಾಲ ಕೈ ಇಟ್ರ ಒಳಗ ಬೆಕ್ಕು ಗುರುಗುಟ್ಟಿದಂಗ ಆಗ್ತದ. ದಿನಕ್ಕ ಒಂದು ಲೀಟರ್ ನೀರೂ ಕುಡೀಬಾರದು, ನಮ್ಮ ಕಡಿ ಬ್ಯಾಸಗಿ ಹ್ಯಾಂಗಿರ್ತದ ನಿಮಗ ಹೇಳಬೇಕಾಗಿಲ್ಲ, ಅಂಥಾ ಬಿಸಲಾಗ ಆಕಿ ಬಾಯಾಗ ಐಸ್ ತುಂಡು ಇಟ್ಕೊಂಡು ದಿನ ಕಳೀತಾಳ. ಅವ್ವ ನಂದೊಂದು ಕಿಡ್ನಿ ಕೊಡ್ತೀನಿ ಅಂದಳು, ಶುಗರ್ ಅದ ಅಂತ ಡಾಕ್ಟರ್ ಬ್ಯಾಡ ಅಂದ್ರು. ನಂದು ಬ್ಲಡ್ ಗ್ರೂಪ್ ಕೂಡಲಿಲ್ಲ. 2021ದಾಗ ಹೈದರಾಬಾದ್‌ನ ಒಂದು ದವಾಖಾನಿಗೆ, ಸತ್ತವ್ರ ಕಿಡ್ನಿಗೆ ಕಾಯೂವವ್ರ ಲಿಸ್ಟಿನ್ಯಾಗ ಹೆಸರು ಹಚ್ಚಲಿಕ್ಕ ಹೋದ್ವಿ, ಕೌಂಟರ್‌ನಾಗ ಆಧಾರ್ ಕಾರ್ಡ್ ನೋಡಿ "ಮೀದಿ ಕರ್ನಾಟಕ ಕದಾ", ನಿಮ್ಮದು ಕರ್ನಾಟಕ ಅಲ್ಲೇನು, ಅಂತ ವಾಪಸ್ ಕೊಟ್ರು. ಅದಕ್ಕ ಬೆಂಗಳೂರಿನ್ಯಾಗ ಹಚ್ಚಿದ್ವಿ.

ಈ ಐದು ವರ್ಷದಾಗ ಒಂದು ಸಲ, ಒಂದೇ ಸಲ ಫೋನ್ ಬಂದಿತ್ತು. ರಾತ್ರಿ ಹನ್ನೊಂದೂವರಿ ಆಗಿತ್ತು. ಕಿಡ್ನಿ ಸಿಗೂ ಚಾನ್ಸ್ ಅದ, ಎಷ್ಟೊತ್ತಿಗೆ ಬಂದು ಮುಟ್ತೀರಿ ಅಂತ ಕೇಳಿದ್ರು. ಹುಮನಾಬಾದ್ ಅಂದೆ. ಆ ಕಡಿ ಇದ್ದ ಹೆಣ್ಣುಮಗಳು ಹುಮನಾಬಾದ್ ಎಲ್ಲಿ ಬರ್ತದ ಅಂದಳು. ಕಾರ್ ಮಾಡ್ಕೊಂಡು ಹೊಂಟ್ರೂ ಹನ್ನೊಂದು ಹನ್ನೆರಡು ತಾಸು, ಹೋದ ಮ್ಯಾಲ ಕಿಡ್ನಿ ಕೂಡ್ತದೋ ಇಲ್ಲೋ ನೋಡೂ ಕ್ರಾಸ್‌ಮ್ಯಾಚ್ ಟೆಸ್ಟ್, ಆಪರೇಷನ್‌ಗಿಂತ ಮೊದಲು ಒಂದು ಡಯಾಲಿಸಿಸ್, ಇಷ್ಟೆಲ್ಲಾ ಆಗಬೇಕು. ಆದ್ರೂ ಹೊಂಟೇ ಬಿಟ್ವಿ. ಕಲಬುರಗಿ ದಾಟಿ ಕಟ್ಟಿಸಂಗಾವಿ ಬ್ರಿಜ್ ಹತ್ರ ಇದ್ದಾಗ ಮತ್ತ ಫೋನ್ ಬಂತು, ಹತ್ರ ಇದ್ದ ಇನ್ನೊಬ್ಬರಿಗೆ ಆತಂತ. ಅವ್ರೂ ನಮ್ಮಂಗ ಕಾದವ್ರೇ, ಅವರ ಮ್ಯಾಲ ನಂಗ ಸಿಟ್ಟಿಲ್ಲ. ಅಕ್ಕ ಏನೂ ಅನಲಿಲ್ಲ, ಗಾಡಿ ತಿರುಗಿಸಿದ ಮ್ಯಾಲ ಎಲ್ಲಾದ್ರೂ ಚಾ ಅಂಗಡಿ ತೆರದಿದ್ರ ನಿಲ್ಲಸು ಅಂದಳು, ಅರ್ಧ ಕಪ್ ಕುಡದಳು, ಅದನ್ನೂ ಮರುದಿನದ ನೀರಿನ ಲೆಕ್ಕದಾಗ ಹಿಡದಳು.

ಇದು ಬೇಡೂವವ್ರ ಕಥಿ. ಇನ್ನ ಕೊಡೂವವ್ರ ಕಥಿನೂ ನಮ್ಮ ಮನ್ಯಾಗೇ ಆಗ್ಯದ.

2022ರ ಕಡೀಗೆ, ಕಬ್ಬಿನ ಸೀಜನ್ ಇತ್ತು, ನಮ್ಮ ಕಾಕಾನ ಮಗ ಬೈಕ್ ಮ್ಯಾಲ ಬರೂಮುಂದ ಹೈವೇದಾಗ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರ್‌ಗೆ ಹಿಂದಿನಿಂದ ಗುದ್ದಿದ. ಟ್ರಾಲಿಗೆ ರೇಡಿಯಂ ಇದ್ದಿಲ್ಲ, ಲೈಟ್ ಇದ್ದಿಲ್ಲ, ಇವನ ತಲೀಮ್ಯಾಲ ಹೆಲ್ಮೆಟ್ ಇದ್ದಿಲ್ಲ. ಇಪ್ಪತ್ತನಾಲ್ಕು ವರ್ಷದವ. ನಮ್ಮ ಭಾಗದ ಒಂದು ದೊಡ್ಡ ದವಾಖಾನಿಗೆ ಹಾಕಿದ್ವಿ, ಮೂರನೇ ದಿನ ಡಾಕ್ಟರ್ ಬ್ರೇನ್ ಡೆಡ್ ಆಗ್ಯಾನ, ವೆಂಟಿಲೇಟರ್ ಮ್ಯಾಲ ಎದಿ ಬಡೀಲಾಕತ್ತದ ಅಷ್ಟೇ ಅಂದ್ರು. ಕಾಕಾ ಓದಿದವನಲ್ಲ, ಮೂರೆಕರೆ ಹೊಲ, ಎರಡು ಎಮ್ಮಿ. ಆದ್ರ ಅಕ್ಕನ್ನ ಡಯಾಲಿಸಿಸ್‌ಗೆ ಎಷ್ಟೋ ಸಲ ಅವನೇ ಕರಕೊಂಡು ಹೋಗ್ಯಾನ, ಆ ಮಶೀನಿನ ಮುಂದ ಕುಂತವ್ರನ್ನ ನೋಡ್ಯಾನ. ಯಾರೂ ಕೇಳಿದ್ದಿಲ್ಲ, ತಾನಾಗೇ ಡಾಕ್ಟರ್ ಹತ್ರ ಹೋಗಿ "ಇವನ ಕಿಡ್ನಿ, ಲಿವರ್, ಏನೇನ್ ಬರ್ತದ ಎಲ್ಲಾ ತಗೋರಿ, ನಾಕು ಮಂದಿಗಾದ್ರೂ ಆಗಲಿ" ಅಂದ. ಸಂಚಾರಿ ವಿಜಯ್ ಅವ್ರದು 2021ರಾಗ ಹಿಂಗೇ ಬೈಕ್ ಆಕ್ಸಿಡೆಂಟ್ ಆಗಿ ಮನಿಯವ್ರು ಅಂಗಾಂಗ ಕೊಟ್ಟಿದ್ದು ಟೀವಿದಾಗ ನೋಡಿದ್ದ, ಪುನೀತ್ ಅವ್ರ ಕಣ್ಣಿಂದು ನೋಡಿದ್ದ, ಅದು ಅವನ ತಲ್ಯಾಗ ಇತ್ತು.

ತಗೊಳ್ಳಲಿಕ್ಕ ಯಾರೂ ಇದ್ದಿಲ್ಲ ಸಾಹೇಬ್ರ. ಆ ದವಾಖಾನಿಗೆ ಪರ್ಮಿಷನ್ ಇಲ್ಲಂತ. ಬ್ರೇನ್ ಸ್ಟೆಮ್ ಡೆತ್ ಅಂತ ಬರದು ಕೊಡಲಿಕ್ಕ ನಾಲ್ಕು ಡಾಕ್ಟರ್ ಬೇಕು, ಆರು ತಾಸು ಬಿಟ್ಟು ಎರಡು ಸಲ ಟೆಸ್ಟ್ ಮಾಡಬೇಕು, ಅಪ್ರೂವ್ ಆದ ಪ್ಯಾನೆಲ್ ನಮ್ಮಲ್ಲಿಲ್ಲ, ನ್ಯೂರಾಲಜಿಸ್ಟ್ ಇಲ್ಲ ಅಂದ್ರು. ಬೆಂಗಳೂರಿಗೆ ಒಯ್ತೀರೇನು ಅಂದ್ರು, ವೆಂಟಿಲೇಟರ್ ಮ್ಯಾಲ ಅಷ್ಟು ದೂರ ಹ್ಯಾಂಗ ಒಯ್ಯೂದು. ಹೈದರಾಬಾದ್‌ಗೆ ಒಯ್ತೀವಿ ಅಂದ್ವಿ. ಆಕ್ಸಿಡೆಂಟ್ ಕೇಸ್ ಅದ, ಎಂಎಲ್‌ಸಿ ಅಂತ ಪೊಲೀಸ್ ದಾಖಲೆ ಆಗ್ಯದ, ಪೋಸ್ಟ್‌ಮಾರ್ಟಂ ಯಾವ ರಾಜ್ಯದಾಗ, ಯಾವ ಸ್ಟೇಷನ್ ಕಾಗದ, ಯಾರು ಎನ್‌ಒಸಿ ಕೊಡಬೇಕು ಅಂತ ಒಬ್ಬರ ಮುಖ ಒಬ್ಬರು ನೋಡಿದ್ರು. ರಾತ್ರಿ ಪೋಸ್ಟ್‌ಮಾರ್ಟಂ ಆಗೂದಿಲ್ಲ ಅಂತನೂ ಒಬ್ಬರು ಹೇಳಿದ್ರು, ಅಂಗಾಂಗ ದಾನದ ಕೇಸಿಗೆ ಕತ್ತಲಾದ ಮ್ಯಾಲೂ ಮಾಡಬಹುದು ಅಂತ ಕೇಂದ್ರ ಸರ್ಕಾರ 2021ರ ನವೆಂಬರ್‌ದಾಗೇ ಆರ್ಡರ್ ಹೊರಡಿಸಿತ್ತು, ಅದು ನಂಗ ಗೊತ್ತಾಗಿದ್ದು ಎಲ್ಲಾ ಮುಗದ ಮ್ಯಾಲ. ಒಂದೂವರೆ ದಿನ ಹಿಂಗೇ ಹೋತು. ಆಮ್ಯಾಗ ಎದಿ ನಿಂತೇ ಬಿಡ್ತು. ಕಣ್ಣಾದ್ರೂ ತಗೋರಿ ಅಂದ್ವಿ, ಸತ್ತ ಆರು ತಾಸಿನೊಳಗ ಆಗಬೇಕದು, ಕಣ್ಣಿನ ದವಾಖಾನಿಯವ್ರು ಬಂದು ತಗೊಂಡು ಹೋದ್ರು, ಅದೊಂದೇ ಆತು. ನಮ್ಮ ಆಯಿ ಅಳಕೋತ "ಕಣ್ಣಿಲ್ದ ಹುಗದ್ರ ಮ್ಯಾಲ ಹೋಗೂ ದಾರಿ ಹ್ಯಾಂಗ ಕಾಣ್ತದೋ ಕೂಸಿಗೆ" ಅಂತ ಕೇಳಿದಳು. ಕಾಕಾ ಏನೂ ಹೇಳಲಿಲ್ಲ, ಆಕಿ ಪಕ್ಕದಾಗ ಹೋಗಿ ಕುಂತ.

ಅವನ ಕಿಡ್ನಿ ಅಕ್ಕಗೇ ಬರ್ತಿತ್ತು ಅಂತ ನಾ ಹೇಳಲಾಕತ್ತಿಲ್ಲ, ಅದು ಲಿಸ್ಟ್ ಪ್ರಕಾರ ಯಾರಿಗೆ ಹೋಗಬೇಕೋ ಅವರಿಗೇ ಹೋಗಬೇಕು. ಆದ್ರ ಎರಡು ಕಿಡ್ನಿ, ಒಂದು ಲಿವರ್, ಒಂದು ಹೃದಯ, ಎರಡು ಪುಪ್ಪುಸ, ಇಪ್ಪತ್ತನಾಲ್ಕು ವರ್ಷದ ಹುಡುಗಂದು, ಎಲ್ಲಾ ಮಣ್ಣಿಗೆ ಹೋತು. ಮೂರು ತಾಸಿನ ದೂರದಾಗ ಅದಕ್ಕ ಕಾಯೂವವ್ರು ಇದ್ರು.

ಅವತ್ತಿನಿಂದ ಅಂಗಡಿ ಬಾಗಿಲು ಹಾಕಿದ ಮ್ಯಾಲ ಇದರ ಬಗ್ಗೆನೇ ಓದಲಾಕತ್ತೀನಿ. ಬ್ಯಾರೆ ದೇಶದವ್ರು ಹ್ಯಾಂಗ ಮಾಡ್ತಾರ ಅಂತ ನೋಡಿದ್ರ ನಂಗ ನಿದ್ದಿ ಬರಲಿಲ್ಲ.

ನೆದರ್ಲೆಂಡ್ಸ್‌ನ ಲೈಡನ್ ಅಂತ ಊರಾಗ ಯಾನ್ ವಾನ್ ರೂಡ್ ಅಂತ ಡಾಕ್ಟರ್ ಇದ್ರು. ಕಿಡ್ನಿ ಕೂಡಬೇಕಂದ್ರ ಬ್ಲಡ್ ಗ್ರೂಪ್ ಅಷ್ಟೇ ಸಾಲೂದಿಲ್ಲ, ಟಿಶ್ಯೂನೂ ಕೂಡಬೇಕು, ಸಣ್ಣ ದೇಶದಾಗ ಒಬ್ಬರಿಗೊಬ್ಬರು ಕೂಡೂವವ್ರು ಸಿಗೂದು ಕಷ್ಟ, ಕಾಯೂವವ್ರ ಲಿಸ್ಟ್ ದೊಡ್ಡದಿದ್ದಷ್ಟೂ ಸರಿಯಾದ ಜೋಡಿ ಸಿಗ್ತದ ಅಂತ ಅವರು ಕಂಡ್ಕೊಂಡ್ರು. 1967ರಾಗ ಯೂರೋಟ್ರಾನ್ಸ್‌ಪ್ಲಾಂಟ್ ಅಂತ ದೇಶದೇಶದ ನಡುವ ಅಂಗಾಂಗ ಹಂಚೂ ಸಂಸ್ಥೆ ಕಟ್ಟಿದ್ರು. ಇವತ್ತು ಅದರಾಗ ಎಂಟು ದೇಶ ಅವ: ಜರ್ಮನಿ, ಆಸ್ಟ್ರಿಯಾ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸಂಬರ್ಗ್, ಸ್ಲೊವೇನಿಯಾ, ಕ್ರೊಯೇಷಿಯಾ, ಹಂಗೇರಿ. ಭಾಷಾ ಬ್ಯಾರೆ, ಸರ್ಕಾರ ಬ್ಯಾರೆ, ಒಂದು ಕಾಲಕ್ಕ ಇವರೇ ಒಬ್ಬರ ಮ್ಯಾಲ ಒಬ್ಬರು ಬಾಂಬ್ ಹಾಕ್ಯಾರ. ಈಗ ಝಾಗ್ರೆಬ್‌ದಾಗ ಒಬ್ಬರು ಬ್ರೇನ್ ಡೆಡ್ ಆದ್ರ ಅವರ ವಿವರ ಲೈಡನ್‌ಗೆ ಹೋಗ್ತದ, ಎಂಟೂ ದೇಶದ ಲಿಸ್ಟ್ ಕೂಡಿಸಿ ಕಂಪ್ಯೂಟರ್ ಹೆಸರು ತೆಗೀತದ, ಇವತ್ತೋ ನಾಳೆಯೋ ಅನ್ನೂ ಹಂಗಿರೂ ಪೇಷಂಟ್ ಯಾವ ದೇಶದಾಗಿದ್ರೂ ಅವರಿಗೆ ಮೊದಲ ಅವಕಾಶ. ಯಾರು ಎಷ್ಟು ಕೊಟ್ರು, ಯಾರು ಎಷ್ಟು ತಗೊಂಡ್ರು ಅಂತ ಲೆಕ್ಕ ಇಡ್ತಾರ, ಒಬ್ಬರ ಕಡಿ ಬಾಕಿ ಬಿದ್ರ ಮುಂದ ಸರಿ ಮಾಡ್ತಾರ.

ನಮ್ಮಲ್ಲಿ ಇಂಥಾ ಮಾತು ತೆಗದ್ರ ಮೊದಲು ಬರೂ ಅಂಜಿಕಿ ಏನಂದ್ರ, ನಮ್ಮ ಅಂಗಾಂಗ ಎಲ್ಲಾ ಹೈದರಾಬಾದ್‌ನ ದೊಡ್ಡ ದೊಡ್ಡ ದವಾಖಾನಿಗೆ ಹೋಗಿಬಿಡ್ತಾವ, ನಮ್ಮವ್ರಿಗೆ ಏನೂ ಉಳಿಯೂದಿಲ್ಲ. ಇದು ಸುಳ್ಳು ಅಂಜಿಕಿ ಅಲ್ಲ, ಅದಕ್ಕೇ ಕ್ರೊಯೇಷಿಯಾದ ಕಥಿ ನೋಡ್ರಿ ಅಂತೀನಿ. ಅವರು ಸೇರಿದ್ದು 2007ರಾಗ. ಸೇರಿದ ಮ್ಯಾಲ ಅವರದು ಖಾಲಿ ಆಗಲಿಲ್ಲ, ದವಾಖಾನಿಯಾಗ ಅಂಗಾಂಗ ದಾನ ನೋಡ್ಕೊಳ್ಳೂ ಕೋಆರ್ಡಿನೇಟರ್‌ಗಳನ್ನ ಮೊದಲೇ ಇಟ್ಟಿದ್ರು, ದಾನ ಹೆಚ್ಚಾತು, ಕೆಲವೇ ವರ್ಷದಾಗ ಜಗತ್ತಿನ ಮುಂದಿನ ಸಾಲಿಗೆ ಬಂದ್ರು. ನಮ್ಮದು ಕೊಟ್ರ ನಮಗೂ ಸಿಗ್ತದ ಅಂತ ಅಲ್ಲಿಯ ಮಂದಿಗೆ ಕಣ್ಣಿಗೆ ಕಾಣ್ತು, ಅದಕ್ಕೇ ಕೊಟ್ರು ಅಂತ ನಂಗ ಅನಸ್ತದ.

ಇನ್ನ ಐಸ್‌ಲ್ಯಾಂಡ್. ಇಡೀ ದೇಶದ ಜನ ಕೂಡಿಸಿದ್ರೂ ಕಲಬುರಗಿ ಸಿಟಿಯಷ್ಟು ಆಗೂದಿಲ್ಲ. ಅಷ್ಟು ಸಣ್ಣ ದೇಶದಾಗ ಹೃದಯದ ಟ್ರಾನ್ಸ್‌ಪ್ಲಾಂಟ್ ಸೆಂಟರ್ ನಡಸಲಿಕ್ಕ ಆಗೂದಿಲ್ಲ, ವರ್ಷಕ್ಕ ಒಂದೋ ಎರಡೋ ಮಾಡಿದ್ರ ಡಾಕ್ಟರ್ ಕೈ ಪಳಗೂದಿಲ್ಲ. ಅದಕ್ಕ ಅವರು ಸ್ಕ್ಯಾಂಡಿಯಾಟ್ರಾನ್ಸ್‌ಪ್ಲಾಂಟ್ ಒಳಗ ಇದ್ದಾರ, 1969ರಿಂದ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್‌ಲ್ಯಾಂಡ್ ಕಡಿಯವ್ರು ಕೂಡಿ ನಡಸೂ ಸಂಸ್ಥೆ ಅದು, 2017ರಾಗ ಎಸ್ಟೋನಿಯಾನೂ ಸೇರ್ತು. ಐಸ್‌ಲ್ಯಾಂಡಿನವ್ರಿಗೆ ಹೃದಯ, ಲಿವರ್ ಹಾಕೂದು ಸ್ವೀಡನ್‌ನ ಗೋಥೆನ್‌ಬರ್ಗ್‌ನಾಗ, ನಡುವ ಸಮುದ್ರ ಅದ. ಐಸ್‌ಲ್ಯಾಂಡ್‌ದಾಗ ಯಾರಾದ್ರೂ ಕೊಟ್ರ ಗೋಥೆನ್‌ಬರ್ಗ್‌ನ ಟೀಮ್ ವಿಮಾನ ಹತ್ತಿ ಬರ್ತದ. ಲಿವರ್ ಒಮ್ಮಿಂದೊಮ್ಮೆಲೆ ಕೆಟ್ಟು ಸಾಯೂ ಸ್ಥಿತಿಗೆ ಬಂದ ಪೇಷಂಟ್ ಆ ಎಲ್ಲಾ ದೇಶದಾಗ ಎಲ್ಲೇ ಇದ್ರೂ 72 ತಾಸು ಅವರಿಗೇ ಮೊದಲ ಹಕ್ಕು, ಕೊಟ್ಟ ದೇಶಕ್ಕ ಮುಂದ ವಾಪಸ್ ಕೊಡ್ತಾರ. ನಮ್ಮೂರಾಗ ಮದುವಿಗೆ ಮುಯ್ಯಿ ಬರದು ಇಟ್ಕೋತೀವಲ್ಲ, ಅವರ ಮನ್ಯಾಗ ಕಾರ್ಯ ಆದಾಗ ಅಷ್ಟೇ ತಿರುಗಿಸಿ ಮಾಡ್ತೀವಲ್ಲ, ಹಂಗೇ. ಇದೇನು ನಮಗ ತಿಳೀದ ಲೆಕ್ಕ ಅಲ್ಲ.

ಬೀದರ್, ಯಾದಗಿರಿ ನಮ್ಮ ಐಸ್‌ಲ್ಯಾಂಡ್ ಇದ್ದಂಗ ಅವ. ಹೃದಯ ಹಾಕೂ ದವಾಖಾನಿ ನಮ್ಮೂರಿಗೆ ಕೊಡ್ರಿ ಅಂತ ನಾ ಕೇಳೂದಿಲ್ಲ, ಅದು ಇವತ್ತಿಗೆ ಆಗೂ ಮಾತಲ್ಲ. ನಮ್ಮಲ್ಲಿ ತೆಗೀಲಿಕ್ಕ ಬರೂ ಹಂಗ ಮಾಡ್ರಿ, ಹತ್ರ ಇರೂ ಊರಿಗೆ ಹೋಗೂ ಹಂಗ ಮಾಡ್ರಿ. ತೆಗದ ಮ್ಯಾಲ ಹೃದಯ ನಾಲ್ಕರಿಂದ ಆರು ತಾಸು ತಡೀತದ, ಪುಪ್ಪುಸನೂ ಹೆಚ್ಚು ಕಮ್ಮಿ ಅಷ್ಟೇ, ಲಿವರ್ ಎಂಟರಿಂದ ಹನ್ನೆರಡು, ಕಿಡ್ನಿ ಒಂದು ದಿನ ತಡೀತದ. ಬೀದರ್‌ದಾಗ ತೆಗದ ಹೃದಯ ರೋಡ್ ಮ್ಯಾಲ ಬೆಂಗಳೂರು ಮುಟ್ಟೂದಿಲ್ಲ. ನಮ್ಮ ಬೀದರ್‌ನ ವಿಮಾನ ಶುರುವಾಗಿ, ನಿಂತು, ಮತ್ತ ಶುರುವಾಗಿದ್ದು, ಅದನ್ನ ನಂಬಿ ಕೂಡಲಿಕ್ಕ ಆಗೂದಿಲ್ಲ. ಹೈದರಾಬಾದ್‌ಗೆ ಟ್ರಾಫಿಕ್ ತಡದು ಗ್ರೀನ್ ಕಾರಿಡಾರ್ ಮಾಡಿದ್ರ ಎರಡೂವರೆ ತಾಸು. ಹೈದರಾಬಾದ್‌ನವ್ರು 2025ರ ಜನವರಿದಾಗ ಮೆಟ್ರೋ ರೈಲಿನ್ಯಾಗ ಹೃದಯ ಒಯ್ದು 13 ಕಿಲೋಮೀಟರ್ 13 ನಿಮಿಷದಾಗ ಮುಟ್ಟಿಸ್ಯಾರ, ಇಂಥಾ ಕೆಲಸ ಅವರಿಗೆ ಚಲೋ ಬರ್ತದ.

ಈಗಿನ ನಿಯಮ ನಂಗ ಗೊತ್ತದ. ಒಂದು ರಾಜ್ಯದಾಗ ಕೊಟ್ಟದ್ದು ಮೊದಲು ಆ ರಾಜ್ಯದ ಲಿಸ್ಟಿಗೆ, ಅಲ್ಲಿ ಯಾರೂ ಕೂಡದಿದ್ರ ದಕ್ಷಿಣ ರಾಜ್ಯಗಳ ಲಿಸ್ಟಿಗೆ, ಅದನ್ನ ಚೆನ್ನೈದ ರೋಟ್ಟೋ ಅನ್ನೂ ಪ್ರಾದೇಶಿಕ ಅಂಗಾಂಗ ಹಂಚಿಕೆ ಸಂಸ್ಥೆ ನೋಡ್ತದ, ಆಮ್ಯಾಗ ಇಡೀ ದೇಶ, ಕಟ್ಟಕಡೀಗೆ ಹೊರ ದೇಶದವ್ರು. ಈ ಕಟ್ಟಕಡೀ ಸಾಲಿಗೂ ಒಮ್ಮೊಮ್ಮೆ ಬರ್ತದ ನೋಡ್ರಿ. 2024ರಾಗ ಕರಾಚಿಯ ಒಂದು ಹುಡುಗಿಗೆ, ಹತ್ತೊಂಬತ್ತು ವರ್ಷ, ಚೆನ್ನೈದಾಗ ಹೊಸ ಹೃದಯ ಹಾಕಿದ್ರು, ಆ ಹೃದಯ ದಿಲ್ಲಿಯಿಂದ ಬಂದಿತ್ತು, ನಮ್ಮ ದೇಶದಾಗ ಅದು ಕೂಡೂವವ್ರು ಯಾರೂ ಸಿಕ್ಕಿದ್ದಿಲ್ಲ. ಕರಾಚಿಗೂ ನಮಗೂ ನಡುವ ಎಂಥಾ ಗಡಿ ಅದ, ಆದ್ರೂ ಆತು, ಓದಿ ನಂಗ ಕಣ್ಣಾಗ ನೀರು ಬಂತು. ಯಾಕ ಆತು ಅಂದ್ರ ಯಾರಿಗೆ ಯಾವಾಗ ಅಂತ ಮೊದಲೇ ಬರದಿಟ್ಟ ನಿಯಮ ಇತ್ತು, ಅವಾಗಿಂದವಾಗ ಯಾರೂ ಮೀಟಿಂಗ್ ಕರೀಬೇಕಾಗಲಿಲ್ಲ. ನಮ್ಮ ಕಾಕಾನ ಮಗನ ಹಾಸಿಗಿ ಮುಂದ ಅದೇ ಇದ್ದಿಲ್ಲ.

2023ರ ಫೆಬ್ರವರಿದಾಗ ಕೇಂದ್ರದವ್ರು ಯಾವ ರಾಜ್ಯದವ್ರು ಯಾವ ರಾಜ್ಯದಾಗ ಬೇಕಾದ್ರೂ ಹೆಸರು ಹಚ್ಚಬಹುದು, ಡೊಮಿಸೈಲ್ ಕೇಳಬಾರದು, ಹೆಸರು ಹಚ್ಚಲಿಕ್ಕ ಫೀಸ್ ತಗೋಬಾರದು ಅಂದ್ರು. ಭಾಳ ಚಲೋ ಆತು. ಹಂಗಾದ್ರ ಬೆಂಗಳೂರಿನ ಲಿಸ್ಟಿನ್ಯಾಗ ಅಕ್ಕ ಕಾದ ಇಷ್ಟು ವರ್ಷ, ಆಕಿ ಹೈದರಾಬಾದ್‌ಗೆ ಹೆಸರು ಬದಲಿ ಮಾಡಿಸಿದ್ರ ಅಲ್ಲಿಯೂ ಲೆಕ್ಕಕ್ಕ ಬರಬೇಕು. ಕರ್ನಾಟಕದ ಲಿಸ್ಟ್ ನೋಡೂ ಜೀವಸಾರ್ಥಕತೆಯವ್ರು ಒಂದು ಪತ್ರ ಬರದು ತೆಲಂಗಾಣದ ಲಿಸ್ಟ್ ನೋಡೂ ಜೀವನ್‌ದಾನ್‌ದವ್ರು ಒಪ್ಕೊಂಡ್ರ ಆಗೂ ಕೆಲಸ ಇದು. ಆಪರೇಷನ್ ಅಲ್ಲಿ ಆದ್ರೂ ನಮ್ಮ ಬಿಪಿಎಲ್ ಕಾರ್ಡ್ ನಡೀಬೇಕು. ಆಮ್ಯಾಲ ದೇಹ ಹೊಸ ಕಿಡ್ನಿನ ತಳ್ಳಿಹಾಕದಂಗ ಜೀವ ಇರೂ ತನ ತಗೋಬೇಕಾದ ಗುಳಿಗಿ ಇರ್ತಾವ, ಟ್ಯಾಕ್ರೋಲಿಮಸ್ ಅಂಥಾವು, ಒಂದು ದಿನ ತಪ್ಪಿಸಿದ್ರೂ ಕಿಡ್ನಿಗೆ ಅಪಾಯ. ತಿಂಗಳ ಕಡೀಗೆ ರೊಕ್ಕ ಮುಗದು ಅರ್ಧ ಸ್ಟ್ರಿಪ್ ಕೊಡ್ರಿ ಅಂತ ಬಂದವ್ರನ್ನ ನನ್ನ ಅಂಗಡಿಯಾಗೇ ನೋಡೀನಿ. ಅವು ಬೀದರ್ ಜಿಲ್ಲಾ ದವಾಖಾನಿಯಾಗ ಸಿಗಬೇಕು, ರಕ್ತದಾಗ ಅದರ ಲೆವೆಲ್ ನೋಡೂ ಟೆಸ್ಟೂ ಅಲ್ಲೇ ಆಗಬೇಕು.

ನಮ್ಮ ಕರ್ನಾಟಕದ ಸಾಹೇಬ್ರಿಗೆ ಒಂದು ಮಾತು. ಬೀದರ್‌ನ ಬ್ರಿಮ್ಸ್, ಕಲಬುರಗಿಯ ಜಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ನಿಮ್ಮ ಕೈಯಾಗಿರೂ ದವಾಖಾನಿ. ಅಂಗಾಂಗ ಕಸಿ ಕಾಯ್ದೆದ 2011ರ ತಿದ್ದುಪಡಿ ಪ್ರಕಾರ ಟ್ರಾನ್ಸ್‌ಪ್ಲಾಂಟ್ ಮಾಡದ ದವಾಖಾನಿನೂ ಐಸಿಯು, ಆಪರೇಷನ್ ಥಿಯೇಟರ್ ಇದ್ರ ಅಂಗಾಂಗ ತೆಗೆಯೂ ಕೇಂದ್ರ ಅಂತ ರಿಜಿಸ್ಟರ್ ಆಗಬಹುದು. ನ್ಯೂರಾಲಜಿಸ್ಟ್ ಇಲ್ಲಂದ್ರ ಸರ್ಜನ್ ಅಥವಾ ಫಿಸಿಷಿಯನ್, ಇಲ್ಲಾ ಅನಸ್ತೇಷಿಯಾ ಡಾಕ್ಟರ್ ಸಹಿ ಮಾಡಬಹುದು ಅಂತ ಅದೇ ಕಾಯ್ದೆದಾಗ ಅದ, ಅವರ ಹೆಸರು ಪ್ಯಾನೆಲ್‌ಗೆ ಹಾಕಿದ್ರ ಸಾಕು. ಪರ್ಮಿಷನ್ ಇಲ್ಲ, ಪ್ಯಾನೆಲ್ ಇಲ್ಲ ಅಂತ ಕಾಕಾಗ ಹೇಳಿದ ಕಾರಣ ಕಾಯ್ದೆದೊಳಗೇ ಸರಿ ಮಾಡಬಹುದಾದವು. ನಮ್ಮ ಭಾಗದಾಗ ಅಂಗಾಂಗ ದಾನ ಆದ್ರ ಅದು ಪೇಪರ್‌ದಾಗ ಸುದ್ದಿ ಆಗ್ತದ, ಇನ್ನೂ ರೂಢಿ ಆಗಿಲ್ಲ.

ರೂಢಿ ಮಾಡಿದವ್ರು ಸ್ಪೇನ್‌ದವ್ರು. 1989ರಾಗ ರಾಫೆಲ್ ಮಟೆಸಾನ್ಸ್ ಅನ್ನೂ ಡಾಕ್ಟರ್ ಮುಂದಾಳತ್ವದಾಗ ಓಎನ್‌ಟಿ ಅಂತ ಸಂಸ್ಥೆ ಕಟ್ಟಿ ಒಂದೊಂದು ದವಾಖಾನಿಗೆ ಒಬ್ಬ ಕೋಆರ್ಡಿನೇಟರ್ ಇಟ್ರು, ಹೆಚ್ಚಿನವ್ರು ಐಸಿಯು ಡಾಕ್ಟರೇ. ಮನಿಯವ್ರ ಹತ್ರ ಯಾವಾಗ ಹೋಗಬೇಕು, ಹ್ಯಾಂಗ ಕೂಡಬೇಕು, ಯಾವ ಮಾತು ಮೊದಲು ಆಡಬೇಕು ಅಂತ ಅವರಿಗೆ ಟ್ರೇನಿಂಗ್ ಅದ. ಇವತ್ತು ಅಲ್ಲಿ ಹತ್ತು ಲಕ್ಷ ಜನಕ್ಕ 40ಕ್ಕಿಂತ ಹೆಚ್ಚು ಮಂದಿ ಸತ್ತ ಮ್ಯಾಲ ಕೊಡ್ತಾರ. ನಮ್ಮ ಇಡೀ ದೇಶದಾಗ 2023ರಾಗ ಹಂಗ ಕೊಟ್ಟವ್ರು 1,099 ಮಂದಿ, ಹತ್ತು ಲಕ್ಷಕ್ಕ ಒಬ್ಬರೂ ಬೀಳೂದಿಲ್ಲ. ನಮಗೂ ಅಂಥಾ ಕೋಆರ್ಡಿನೇಟರ್ ಬೇಕು, ಕನ್ನಡದ ಸಂಗಡ ದಖ್ನಿ, ಮರಾಠಿ, ತೆಲುಗು ಬರೂವವ್ರು, ಯಾಕಂದ್ರ ಬೀದರ್‌ನ ಐಸಿಯು ಹೊರಗ ಕುಂತವ್ರು ಈ ನಾಕೂ ಭಾಷಾದಾಗ ಅಳ್ತಾರ. ಆಯಿ ಕೇಳಿದಂಥಾ ಪ್ರಶ್ನೆ ಬರ್ತಾವ, ಅದನ್ನ ಕೇಳಿಸ್ಕೊಳ್ಳೂ ತಾಳ್ಮಿ ಇರಬೇಕು. ನನ್ನ ಅಂಗಡಿ ಎದುರಿನ ಟೇಲರ್ ಚಾಚಾ ನಮ್ಮಲ್ಲಿ ಇದು ನಡೀತದೋ ಇಲ್ಲೋ ಅಂದ್ರು, ಸೌದಿಯ ಹಿರಿಯ ಉಲೇಮಾಗಳ ಮಂಡಳಿ 1982ರಾಗೇ ಒಪ್ಪಿಗಿ ಕೊಟ್ಟದ ಅಂತ ಹೇಳಿದೆ, ಅವರ ಮಗ ಇರೂದು ರಿಯಾದ್‌ದಾಗ, ಫೋನ್ ಮಾಡಿ ಕೇಳ್ತೀನಿ ಅಂದ್ರು. ನಮ್ಮ ಮಠದ ಅಪ್ಪಗಳಿಗೂ ಕೇಳೀನಿ, ದಾಸೋಹ ಅಂದ್ರ ಊಟ ಅಷ್ಟೇ ಅಂದಿದ್ದು ಯಾರು ಅಂದ್ರು.

ಒಂದು ಎಚ್ಚರಿಕಿನೂ ಬೇಕು. ಗಡಿ ತೆಗೀರಿ ಅಂದ ಕೂಡಲೇ ದಲಾಲರು ಬರ್ತಾರ. 1994ರ ಅಂಗಾಂಗ ಕಸಿ ಕಾಯ್ದೆ ಬಂದಿದ್ದೇ ಬಡವ್ರ ಕಿಡ್ನಿ ಮಾರಾಟ ನಿಲ್ಲಸಲಿಕ್ಕ, ನಮ್ಮಂಥಾ ಗುಳೇ ಹೋಗೂ ಜಿಲ್ಲಾದಾಗ ಆ ಅಂಜಿಕಿ ಇನ್ನೂ ಅದ. 2008ರಾಗ ಇಸ್ತಾಂಬುಲ್‌ದಾಗ ಎಷ್ಟೋ ದೇಶದ ಡಾಕ್ಟರ್‌ಗಳು ಕೂಡಿ ಒಂದು ಘೋಷಣೆ ಮಾಡಿದ್ರು, ಅಂಗಾಂಗ ಮಾರೂದು ಕೊಳ್ಳೂದು ಪೂರಾ ಬ್ಯಾಡ ಅಂದ್ರು, ಅದರ ಜೊತಿಗೇ ಪ್ರತಿ ದೇಶ ತನ್ನ ಮಂದಿಗೆ ಬೇಕಾದಷ್ಟನ್ನ ತನ್ನೊಳಗ, ಇಲ್ಲಾ ಅಕ್ಕಪಕ್ಕದವ್ರ ಸಂಗಡ ಕೂಡಿ ಹೊಂದಿಸ್ಕೋಬೇಕು ಅಂತನೂ ಬರದಾರ. ಅಕ್ಕಪಕ್ಕದವ್ರ ಸಂಗಡ ಕೂಡಿ ಅನ್ನೂ ಮಾತು ದೇಶದೇಶಕ್ಕ ಹೇಳಿದ್ದು, ನಾವಂತೂ ಒಂದೇ ದೇಶದೊಳಗ ಅಕ್ಕಪಕ್ಕ ಇದ್ದೀವಿ. ಲಿಸ್ಟ್ ಎಲ್ಲರಿಗೂ ಕಾಣೂ ಹಂಗಿರಲಿ, ಯಾವ ಅಂಗ ಯಾವ ದವಾಖಾನಿಗೆ ಯಾಕ ಹೋತು ಅಂತ ಬರದು ಹಾಕಲಿ, ದಲಾಲರಿಗೆ ಜಾಗಾನೇ ಉಳೀಬಾರದು.

ಅದಕ್ಕ ನಾ ಇಬ್ಬರಿಗೂ ಕೇಳೂದು ಇಷ್ಟೇ, ಒಂದು ಒಪ್ಪಂದ ಬರೀರಿ. ಬೀದರ್, ಕಲಬುರಗಿ, ಯಾದಗಿರಿಯಾಗ ಸಿಕ್ಕ ಹೃದಯ, ಪುಪ್ಪುಸ, ಲಿವರ್ ಬೆಂಗಳೂರು ಮುಟ್ಟೂದಿಲ್ಲ ಅನ್ನೂ ಹಂಗಿದ್ರ ಅವಾಗೇ ಹೈದರಾಬಾದ್‌ಗೆ, ಲೆಕ್ಕ ಬರದಿಟ್ಟು ಮುಂದ ವಾಪಸ್. ಹಂಗೇ ತೆಲಂಗಾಣದ ಜಹೀರಾಬಾದ್ ಕಡಿಯವ್ರು ಬೀದರ್‌ದಾಗ ತೀರ್ಕೊಂಡ್ರೂ ಅವರ ಮನಿಯವ್ರಿಗೆ ಇದೇ ಅನುಕೂಲ. ಆಕ್ಸಿಡೆಂಟ್ ಕೇಸಿದ್ರ ಪೊಲೀಸ್ ಎನ್‌ಒಸಿಗೆ ಎರಡೂ ಕಡಿ ಒಬ್ಬೊಬ್ಬ ಅಧಿಕಾರಿ, ರಾತ್ರಿ ಎರಡಕ್ಕೂ ಎತ್ತೂ ಒಂದು ಫೋನ್ ನಂಬರ್.

ಕಾಕಾ ಮೊನ್ನೆ ಅಂಗಡಿಗೆ ಬಂದಿದ್ದ. ಸತ್ತ ಮ್ಯಾಲ ಕೊಡ್ತೀನಿ ಅಂತ ಬರದು ಕೊಡೂ ಫಾರಂ 7 ಪ್ರಿಂಟ್ ತೆಗೀಸಿಟ್ಟಿದ್ದೆ, ನಂದು, ನನ್ನ ಹೆಂಡ್ತಿದು. ನಂಗೊಂದು ಕೊಡು ಅಂದ. ಅರವತ್ತೆರಡು ವರ್ಷದವ, ಬೀಡಿ ಸೇದ್ತಾನ, ಏನೇನು ಉಪಯೋಗಕ್ಕ ಬರ್ತದೋ. ಹೆಬ್ಬಟ್ಟು ಒತ್ತಿ, ಒತ್ತಿದ ಮ್ಯಾಲ ಕೇಳಿದ: "ಈ ಸಲ ತಗೊಳ್ಳಲಿಕ್ಕ ಬರ್ತಾರಲ್ಲಪಾ?"

ಅವನಿಗೆ ಏನು ಹೇಳಲಿ ಅಂತ ನಿಮ್ಮಿಬ್ಬರ ಉತ್ತರ ಬಂದ ಮ್ಯಾಲ ಹೇಳ್ತೀನಿ ಅಂದೀನಿ.

ಇಂತಿ,
ಹುಮನಾಬಾದ್‌ನ ಒಬ್ಬ ಮೆಡಿಕಲ್ ಅಂಗಡಿಯವ
ಬೀದರ್ ಜಿಲ್ಲಾ